ಸಣ್ಣ ರಂಧ್ರದೊಳಗೆ ಔಷಧದ ಹರಳು ಬೇರೆ ಥರ ಬರುವುದೇಕೆ?

ನ್ಯಾನೊ ರಂಧ್ರದಲ್ಲಿ ಔಷಧ ತುಂಬಿದರೆ ಹರಳು ಬದಲಾಗುವುದು ಬರೀ ಜಾಗ ಸಾಲದ್ದಕ್ಕಾ ಅಂತ ಕೇಳಿದ್ದೀರಿ. ಜಾಗವೂ ಕಾರಣ ಹೌದು. ಆದರೆ ಜಾಸ್ತಿ ಆಟ ಆಡಿಸುವುದು ಮೇಲ್ಮೈ.

ಹರಳಿಗೆ ಮೊದಲು ಪುಟ್ಟದೊಂದು ಬೀಜ ಬೇಕು. ಬೀಜದ ಒಳಗಿನ ಅಣುಗಳಿಗೆ ಸುತ್ತಲೂ ಜೊತೆಗಾರರು, ಅಂಚಿನವಕ್ಕೆ ಒಂದು ಕಡೆ ಯಾರೂ ಇಲ್ಲ. ಹಾಗಾಗಿ ಶಕ್ತಿಯ ಲೆಕ್ಕದಲ್ಲಿ ಒಡಲು ಲಾಭ, ಮೇಲ್ಮೈ ನಷ್ಟ. ಬೀಜ ಒಂದು ಗಾತ್ರ ದಾಟಿದರೆ ಮಾತ್ರ ಬೆಳೆಯುತ್ತದೆ, ಇಲ್ಲದಿದ್ದರೆ ಚೆದುರಿ ಹೋಗುತ್ತದೆ. ರಂಧ್ರ ಆ ಗಾತ್ರಕ್ಕಿಂತ ಕಿರಿದಾಗಿದ್ದರೆ ಹರಳೇ ಹುಟ್ಟುವುದಿಲ್ಲ. ಔಷಧ ಗಾಜಿನಂತೆ ಅಡ್ಡಾದಿಡ್ಡಿ ಜೋಡಣೆಯಲ್ಲೇ ಉಳಿಯುತ್ತದೆ. ಇಂಥದ್ದು ನೀರಿನಲ್ಲಿ ಬೇಗ ಕರಗುತ್ತದೆ. ಔಷಧದವರಿಗೆ ಬೇಕಾಗಿರುವುದೂ ಅದೇ ಅಲ್ವಾ!

ರಂಧ್ರ ಸ್ವಲ್ಪ ದೊಡ್ಡದಾದರೆ ವಿಷಯ ಇನ್ನೂ ಮಜವಾಗಿದೆ. ಒಂದೇ ಔಷಧದ ಅಣುಗಳು ಎರಡು ಮೂರು ಥರ ಜೋಡಣೆಯಾಗಬಲ್ಲವು. ಪುಟ್ಟ ಹರಳಿನಲ್ಲಿ ಮೇಲ್ಮೈಯ ಪಾಲು ಜಾಸ್ತಿ. ಹಾಗಾಗಿ ದೊಡ್ಡ ಹರಳಿನಲ್ಲಿ ಗೆಲ್ಲುವ ರೂಪ ಇಲ್ಲಿ ಸೋಲಬಹುದು, ಮೇಲ್ಮೈ ನಷ್ಟ ಕಮ್ಮಿ ಇರುವ ರೂಪ ಮುಂದೆ ಬರಬಹುದು. ಪ್ಯಾರಸಿಟಮಾಲ್‌ನ ಮೂರನೇ ರೂಪವನ್ನೇ ನೋಡಿ. ಹೊರಗೆ ಅದು ನಿಲ್ಲುವುದೇ ಕಷ್ಟ, ಬೇಗ ಬೇರೆ ರೂಪಕ್ಕೆ ತಿರುಗಿಬಿಡುತ್ತದೆ. ಹತ್ತಾರು ನ್ಯಾನೊಮೀಟರ್ ರಂಧ್ರಗಳ ಗಾಜಿನೊಳಗೆ ಅದನ್ನು ಹಿಡಿದು ನಿಲ್ಲಿಸಿದ ಕೆಲಸ 2007ರಲ್ಲಿ ಪ್ರಕಟವಾಯಿತು. ಆದರೆ ಒಳಗೆ ನಿಂತ ಮಾತ್ರಕ್ಕೆ ಆ ರೂಪವೇ ಸ್ಥಿರ ಅನ್ನಬೇಡಿ. ಕೆಲವೊಮ್ಮೆ ರಂಧ್ರ ಬದಲಾವಣೆಯನ್ನು ಸುಮ್ನೆ ತಡ ಮಾಡಿರುತ್ತದೆ, ಅಷ್ಟೇ.

ರೂಪ ಬದಲಾದರೆ ಏನಾಗುತ್ತದೆ ಅಂದರೆ, 1998ರಲ್ಲಿ ಎಚ್‌ಐವಿ ಔಷಧ ರಿಟೊನಾವಿರ್‌ನಲ್ಲಿ ಸರಿಯಾಗಿ ಕರಗದ ಹೊಸ ರೂಪ ಕಾಣಿಸಿಕೊಂಡು ಅದರ ಕ್ಯಾಪ್ಸೂಲನ್ನೇ ವಾಪಸ್ ತೆಗೆಯಬೇಕಾಯಿತು.

ಇದರ ಗುರುತು ನೋಡಲು ಡಿಎಸ್‌ಸಿ ಯಂತ್ರ ನೆರವಾಗುತ್ತದೆ. ಕಾಯಿಸುವಾಗ ವಸ್ತು ಎಷ್ಟು ಶಾಖ ಹೀರುತ್ತದೆ ಅಂತ ಅದು ಗ್ರಾಫಿನಲ್ಲಿ ತೋರಿಸುತ್ತದೆ. ರಂಧ್ರಗಳಲ್ಲಿ ಔಷಧ ಹಿಡಿದಿಟ್ಟ ಪುಡಿ ತುಂಬಿದ ಪುಟ್ಟ ಅಲ್ಯೂಮಿನಿಯಂ ಬಟ್ಟಲನ್ನು ನಿಧಾನವಾಗಿ ಕಾಯಿಸುತ್ತಾ ಹೋಗುವುದು. ರಂಧ್ರದೊಳಗಿನ ಹರಳು ಕಡಿಮೆ ಉಷ್ಣತೆಯಲ್ಲೇ ಕರಗುತ್ತದೆ. ರಂಧ್ರದ ವ್ಯಾಸ ಅರ್ಧವಾದರೆ ಕರಗುವ ಬಿಂದುವಿನ ಇಳಿತ ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ. ನಾನು ಮೊದಲ ಸಲ ಮಾಡಿದಾಗ ಗ್ರಾಫಿನಲ್ಲಿ, ಕರಗುವಿಕೆ ತೋರಿಸುವ ಎರಡು ಗುಂಡಿ ಬಂದವು: ಒಂದು ಅಗಲ, ಇನ್ನೊಂದು ಚೂಪು. ಎರಡು ರೂಪ ಸಿಕ್ಕಿದವು ಅಂತ ಹಿಗ್ಗಿದೆ. ಆದರೆ ಚೂಪಾಗಿದ್ದದ್ದು ಪುಡಿಯ ಕಣಗಳ ಹೊರಮೈಗೆ ಅಂಟಿಕೊಂಡಿದ್ದ ಮಾಮೂಲಿ ಹರಳು! ದ್ರಾವಕದಲ್ಲಿ ಬೇಗನೆ ತೊಳೆದು ಮತ್ತೆ ಇಟ್ಟರೆ, ಉಳಿದದ್ದು ಅಗಲದ್ದೊಂದೇ.