ತೂಕದ ಮಷೀನಿನ ಗ್ಲಾಸಿಗೆ 5 ವೋಲ್ಟ್ ಕೊಡೋ ಮೊದ್ಲು

ಅಂಕೋಲಾದಿಂದ ಒಬ್ರು: ಹಳೇ ತೂಕದ ಮಷೀನಿಂದ ಎಲ್‌ಸಿಡಿ ಗ್ಲಾಸ್ ಬಿಚ್ಚಿದೀನಿ, ನಾಲ್ಕು ಕಾಮನ್ ಪಿನ್ (ಅಂಕಿಯ ಗೆರೆಗಳನ್ನ ನಾಲ್ಕು ಸಾಲಾಗಿ ಸರದಿ ಪ್ರಕಾರ ಓಡ್ಸೋ ಪಿನ್) ಇದೆ, ಮೈಕ್ರೋಕಂಟ್ರೋಲರ್ ಪಿನ್ನಿಂದ್ಲೇ ಓಡಿಸ್ತಿದೀನಿ. 3 ವೋಲ್ಟಲ್ಲಿ ಅಂಕಿ ಮಸುಕು. ರಿಪೇರಿಯವ್ರು 5 ಕೊಡಿ ಅಂದ್ರು, ಕೊಟ್ಟೆ, ಈಗ ಎಲ್ಲಾ ಸೆಗ್ಮೆಂಟೂ, ಅಂದ್ರೆ ಅಂಕಿಯ ಒಂದೊಂದು ಗೆರೆಯೂ, ಕಪ್ಪು.

ಕಪ್ಪಾಗ್ದೆ ಎಂತ ಆಗ್ತದೆ ಮಾರಾಯ್ರೆ. ವೋಲ್ಟೇಜ್ ಏರ್ಸಿ ಅನ್ನೋ ಈ ಮದ್ದು ಯಾರು ಶುರು ಮಾಡಿದ್ರೋ, ತಿಂಗಳಿಗೊಬ್ರು ಇದನ್ನೇ ಕೇಳ್ತಾರೆ. ಲಿಕ್ವಿಡ್ ಕ್ರಿಸ್ಟಲ್ ನೋಡೋದು ಆ ಕ್ಷಣದ ವೋಲ್ಟೇಜ್ ಅಲ್ಲ, ಇಡೀ ಫ್ರೇಮಿನ (ನಾಲ್ಕೂ ಕಾಮನಿನ ಸರದಿ ಒಂದು ಸುತ್ತು) ಆರ್‌ಎಂಎಸ್, ಅಂದ್ರೆ ವೋಲ್ಟೇಜನ್ನ ವರ್ಗ ಮಾಡಿ, ಸರಾಸರಿ ತೆಗ್ದು, ವರ್ಗಮೂಲ ಹಾಕಿದ್ದು. ಒಂದು ಸೆಗ್ಮೆಂಟ್ ಲೈನು ನಾಲ್ಕೂ ಕಾಮನಿಗೆ ಹಂಚಿಕೊಂಡಿರೋದ್ರಿಂದ ಬೇರೆ ಸಾಲಿಗೆ ಅಂತ ಕಳ್ಸಿದ್ದು ಆಫ್ ಇರ್ಬೇಕಾದ್ದಕ್ಕೂ ತಾಗ್ತದೆ, ಅದನ್ನ ಹದದಲ್ಲಿ ಇಡೋಕೇ ನಡುವಿನ ಮಟ್ಟಗಳು ಬೇಕು, ನಿಮ್ಮ ಪಿನ್ನಲ್ಲಿ 0 ಮತ್ತೆ 5 ಬಿಟ್ರೆ ಬೇರೆ ಎಲ್ಲಿದೆ?

ನಾಲ್ಕು ಕಾಮನಿಗೆ 1/3 ಬಯಾಸ್, ಅಂದ್ರೆ ಸಪ್ಲೈನ ಮೂರು ಸಮಪಾಲು ಮಾಡಿದ ಮಟ್ಟಗಳು. ಆಫ್ ಇದ್ದದ್ದಕ್ಕೆ ಯಾವಾಗ್ಲೂ ಸಪ್ಲೈನ ಮೂರನೇ ಒಂದು, ಆನ್ ಇದ್ದದ್ದಕ್ಕೆ ತನ್ನ ಸರದೀಲಿ ಪೂರ್ತಿ, ಉಳಿದ ಮೂರರಲ್ಲಿ ಮೂರನೇ ಒಂದು. 3 ವೋಲ್ಟಿಗೆ ಲೆಕ್ಕ ಹಾಕಿದ್ರೆ ಆನ್ 1.73, ಆಫ್ 1. ಅದೇ 5 ಕೊಡಿ, ಆನ್ 2.89, ಆಫ್ 1.67, ಅಂದ್ರೆ ಆಫ್ ಇರೋದೇ ಹೆಚ್ಚೂಕಮ್ಮಿ ಮೊದಲಿನ ಆನ್ ಮಟ್ಟಕ್ಕೆ ಬಂತು! ಎಷ್ಟೇ ಏರ್ಸಿ, ಆನ್-ಆಫ್ ಅನುಪಾತ 1.73 ದಾಟೋದಿಲ್ಲ. ಸಾಲು ಹೆಚ್ಚಾದಷ್ಟೂ ಇನ್ನೂ ಕಷ್ಟ, 16 ಸಾಲಿಗೆ 1.29, 64ಕ್ಕೆ 1.13, ಇದನ್ನ ಆಲ್ಟ್ ಮತ್ತೆ ಪ್ಲೆಷ್ಕೋ ಅನ್ನೋ ಸಂಶೋಧಕರು 1974ರಲ್ಲೇ ಲೆಕ್ಕ ಹಾಕಿ ಇಟ್ಟಿದಾರೆ. ರಿಪೇರಿಯವ್ರ ಕೈಗುಣದಿಂದ ಬದಲಾಗೋದಲ್ಲ.

ಎಚ್‌ಟಿ1621 ಚಿಪ್ ಹಾಕಿ, ನಾಲ್ಕು ಕಾಮನ್, 32 ಸೆಗ್ಮೆಂಟ್, 1/3 ಬಯಾಸ್ ಅದ್ರಲ್ಲೇ ಉಂಟು. ಎಲ್‌ಸಿಡಿ ವೋಲ್ಟೇಜ್ ಪಿನ್ನಿಗೊಂದು ಪ್ರಿಸೆಟ್ (ಸ್ಕ್ರೂಡ್ರೈವರಲ್ಲಿ ತಿರುಗ್ಸೋ ಪುಟ್ಟ ರೆಸಿಸ್ಟರ್) ಕೊಟ್ಟು, ಆಫ್ ಸೆಗ್ಮೆಂಟಿನ ನೆರಳು ಕಾಣ್ಸೋಕೆ ಶುರುವಾದ ತಕ್ಷಣ ಸ್ವಲ್ಪ ಹಿಂದೆ ತಿರುಗ್ಸಿ ಬಿಡಿ.

ಮತ್ತೊಂದು, ಪಿನ್ನಿಂದ ಓಡ್ಸೋವಾಗ ಪೊಲಾರಿಟಿ, ಅಂದ್ರೆ ಪ್ಲಸ್ಸು ಮೈನಸ್ಸು, ಆಗಾಗ ತಿರುಗ್ಸಿದೀರಾ? ನೀವು ಬರ್ದಿಲ್ಲ, ಅದೇ ನಂಗೆ ಹೆದ್ರಿಕೆ. ಆರ್‌ಎಂಎಸ್‌ಗೆ ಪ್ಲಸ್ಸೂ ಒಂದೇ ಮೈನಸ್ಸೂ ಒಂದೇ, ಆದ್ರೆ ಡಿಸಿ ಹಾಗೇ ನಿಂತ್ರೆ ಒಳಗೆ ಎಲೆಕ್ಟ್ರೋಲಿಸಿಸ್ ಆಗಿ ಎಲೆಕ್ಟ್ರೋಡೇ ಹಾಳಾಗ್ತದೆ, ಮತ್ತೆ ಯಾವ ಚಿಪ್ ಹಾಕಿದ್ರೂ ಬರೋದಿಲ್ಲ. ಮೀಟರ್ ಡಿಸಿಗೆ ಇಟ್ಟು ಕಾಮನ್ ಮತ್ತೆ ಸೆಗ್ಮೆಂಟ್ ನಡುವೆ ನೋಡಿ, ಸೊನ್ನೆ ಹತ್ರ ಇರ್ಬೇಕು. ಇಲ್ಲಾಂದ್ರೆ ಈಗ್ಲೇ ಸ್ವಿಚ್ ತೆಗೀರಿ, ಪೂರ್ತಿ ಆಮೇಲೆ ಓದಿ.

ಕುಮಟಾ: 16x2 (ಸಾಲಿಗೆ 16 ಅಕ್ಷರ, ಎರಡು ಸಾಲು) ಡಿಸ್‌ಪ್ಲೇಲಿ ಮೇಲಿನ ಸಾಲು ಬರೀ ಕಪ್ಪು ಚೌಕ?
ಇನಿಷಿಯಲೈಸ್ ಆಗಿಲ್ಲ, ಅಂದ್ರೆ ಡಿಸ್‌ಪ್ಲೇಗೆ ಶುರುವಿನ ಆದೇಶ ತಲುಪಿಲ್ಲ. ವೈರಿಂಗ್ ನೋಡಿ, ಹೊಸದು ತಗೋಬೇಡಿ.

ಶಿರಸಿ: ಟಿವಿ ಪ್ಯಾನೆಲ್ಲಿಗೂ ಇದೇ ಲೆಕ್ಕವಾ?
ಅಲ್ಲ, ಅಲ್ಲಿ ಪ್ರತಿ ಪಿಕ್ಸೆಲಿಗೂ ಟ್ರಾನ್ಸಿಸ್ಟರ್ ಇದೆ. ಪೊಲಾರಿಟಿ ತಿರುಗ್ಸೋದು ಮಾತ್ರ ಅಲ್ಲೂ ತಪ್ಪಿದ್ದಲ್ಲ.

ಭಟ್ಕಳ: ಮಳೆಗಾಲದಲ್ಲಿ ಅರ್ಧ ಅಂಕಿ ಮಾಯ, ಗ್ಲಾಸ್ ಬಿಸಿ ಮಾಡಿದ್ರೆ ಸರಿಯಾಗ್ತದಂತೆ?
ಗ್ಲಾಸಿಗೂ ಬೋರ್ಡಿಗೂ ಸಂಪರ್ಕ ಕೊಡೋ ರಬ್ಬರ್ ಪಟ್ಟಿ, ಜೀಬ್ರಾ ಸ್ಟ್ರಿಪ್ಪನ್ನ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ ಕೂರ್ಸಿ. ಹೇರ್ ಡ್ರೈಯರ್ ಹಿಡ್ಕೊಂಡು ಎಲ್‌ಸಿಡಿ ರಿಪೇರಿ ಮಾಡೋರ ಹತ್ರ ಮಷೀನ್ ಬಿಟ್ಟು ಬರ್ಬೇಡಿ.