ಹಣ್ಣು ಹುಳು, ಹತ್ತು ರೂಪಾಯಿ, ಮೊಮ್ಮಗಳು

ಶಿಡ್ಲಘಟ್ಟ ತಾಲ್ಲೂಕಿನ ಹಿರಿಯ ಓದುಗರೊಬ್ಬರು ಬರೆದಿದ್ದಾರೆ: "ಐದನೇ ತರಗತಿಯ ಮೊಮ್ಮಗಳು ಶಾಲೆಯಿಂದ ಬಂದವಳೇ ರೇಷ್ಮೆ ಹುಳು ಮನೆಗೆ ಓಡುತ್ತಿದ್ದಳು. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ಬೆಳಕಿಗೆ ಹಿಡಿದು ನೋಡಿ, ಚಂದ್ರಿಕೆ ಎಂಬ ಗೂಡಿನ ತಟ್ಟಿಗೆ ಬಿಡುವುದೆಂದರೆ ಅವಳಿಗೆ ಪ್ರಾಣ. ಹೋದ ಬೆಳೆಯಲ್ಲಿ ನನ್ನ ಮಗ ಅವಳಿಗೆ ಚಂದ್ರಿಕೆಯೊಂದಕ್ಕೆ ಹತ್ತು ರೂಪಾಯಿಯಂತೆ ಕೊಟ್ಟ. ಈ ಬೆಳೆಗೆ ದುಡ್ಡಿಲ್ಲ ಅಂದಿದ್ದಕ್ಕೆ ಆ ಕಡೆ ತಲೆಯೇ ಹಾಕಲಿಲ್ಲ. ಇಷ್ಟು ಚಿಕ್ಕ ವಯಸ್ಸಿಗೇ ದುಡ್ಡಿನಾಸೆ ಹತ್ತಿತೇ?"

ಹಿರಿಯರೇ, ಮಗು ಕೆಟ್ಟಿಲ್ಲ. ಆ ಮಾತನ್ನು ಅವಳೆದುರು ಆಡಲೇಬೇಡಿ.

1973ರಲ್ಲಿ ಅಮೆರಿಕದ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್ ಮತ್ತು ರಿಚರ್ಡ್ ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಶಿಶುವಿಹಾರದ ಮಕ್ಕಳಲ್ಲಿ ಇದನ್ನೇ ಕಂಡರು. ಚಿತ್ರ ಬಿಡಿಸುವುದೆಂದರೆ ಇಷ್ಟಪಡುವ ಮಕ್ಕಳನ್ನೇ ಆರಿಸಿ, ಕೆಲವರಿಗೆ "ಬಿಡಿಸಿದರೆ ಬಹುಮಾನ" ಎಂದು ಮೊದಲೇ ಹೇಳಿದರು. ಕೆಲವರಿಗೆ ಹೇಳದೆ ಕೊನೆಗೆ ಕೊಟ್ಟರು, ಉಳಿದವರಿಗೆ ಏನೂ ಕೊಡಲಿಲ್ಲ. ವಾರ ಎರಡು ವಾರ ಕಳೆದ ಮೇಲೆ ಅದೇ ಬಣ್ಣದ ಪೆನ್ನುಗಳನ್ನು ಸುಮ್ಮನೆ ಮುಂದಿಟ್ಟರೆ, ಬಹುಮಾನದ ಮಾತು ಕೇಳಿ ಬಿಡಿಸಿದ್ದ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಅದರಲ್ಲಿ ತೊಡಗಿದರು. ಹೇಳದೆ ಕೊಟ್ಟ ಬಹುಮಾನದಿಂದ ಏನೂ ಕೆಡಲಿಲ್ಲ. ನನಗೆ ಮುಖ್ಯ ಅನಿಸುವುದು ಇದೇ. ಕೆಡಿಸಿದ್ದು ಉಡುಗೊರೆಯಲ್ಲ, ಕರಾರು.

ನಾನೇಕೆ ಇದನ್ನು ಮಾಡುತ್ತೇನೆ ಎಂಬುದಕ್ಕೆ ಮನಸ್ಸು ಕಾರಣ ಹುಡುಕುತ್ತದೆ. ಹತ್ತು ರೂಪಾಯಿ ಕಣ್ಣಿಗೆ ಕಾಣುವ ಕಾರಣ. ಅದು ಬಂದ ಮೇಲೆ ಒಳಗಿನ ಖುಷಿ ಹಿಂದೆ ಸರಿಯುತ್ತದೆ. ದುಡ್ಡು ನಿಂತಾಗ ಕಾರಣವೂ ನಿಂತಿತು. ನಿಮ್ಮ ಮೊಮ್ಮಗಳ ಕಣ್ಣಿನಲ್ಲಿ ಅದು ಈಗ ಕೂಲಿ ಸಿಗದ ಕೂಲಿ ಕೆಲಸ.

ಎಲ್ಲ ಕೆಲಸಕ್ಕೂ ಈ ಮಾತು ಸಲ್ಲದು. ತಟ್ಟೆ ತೊಳೆಯುವುದು, ಕಸ ಎತ್ತುವುದು ಯಾರಿಗೂ ಆಟವಲ್ಲ. ಅದಕ್ಕೆ ದುಡ್ಡು ಕೊಟ್ಟರೆ ಕೆಡುವಂಥದ್ದೇನೂ ಇಲ್ಲ. 1999ರಲ್ಲಿ ಮನೋವಿಜ್ಞಾನಿಗಳಾದ ಎಡ್ವರ್ಡ್ ಡೆಸಿ, ರಿಚರ್ಡ್ ಕೋಸ್ಟ್ನರ್ ಮತ್ತು ರಿಚರ್ಡ್ ರಯಾನ್ 128 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ, ಇಷ್ಟಪಟ್ಟು ಮಾಡುವ ಕೆಲಸಕ್ಕೆ ಮೊದಲೇ ಮಾತಾದ ಬಹುಮಾನವೇ ಪೆಟ್ಟು ಕೊಟ್ಟಿತ್ತು. ಮನುಷ್ಯನಿಗೆ ಮೂರು ಬೇಕು ಎನ್ನುತ್ತಾರೆ ಡೆಸಿ ಮತ್ತು ರಯಾನ್: ತನ್ನಿಷ್ಟದಂತೆ ಮಾಡುವ ಅವಕಾಶ, ತನ್ನ ಕೈಲಾಗುತ್ತದೆಂಬ ಧೈರ್ಯ, ತನ್ನವರ ಜೊತೆ.

ಇದನ್ನು ಓದಿದಾಗಲೆಲ್ಲ ನನಗೆ ನಮ್ಮ ಮನೆಯ ಅವರೆಕಾಯಿ ಕಾಲ ನೆನಪಾಗುತ್ತದೆ. ನೆನೆದ ಕಾಳು ಹಿಚುಕಲು ರಾತ್ರಿ ಎಲ್ಲರೂ ಸುತ್ತ ಕೂರುತ್ತಿದ್ದೆವು. ಬೆರಳಿನಿಂದ ಚಿಮ್ಮಿದ ಬೇಳೆ ಎದುರಿನವರ ಕೆನ್ನೆಗೆ ಬಡಿಯಬೇಕು, ಅಜ್ಜಿ ಗದರಬೇಕು. ಸೊಗಡಿಗೆ ಬೆರಳು ಎರಡು ದಿನ ಘಮಘಮ. ಕಾಸು ಕೇಳಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ.

ನಿಮ್ಮ ಮಗ ಪ್ರೀತಿಯಿಂದಲೇ ಕೊಟ್ಟದ್ದು, ಅವರ ಮೇಲೆ ಸಿಟ್ಟು ಬೇಡ. ಹತ್ತನ್ನು ಇಪ್ಪತ್ತು ಮಾಡಲೂ ಹೋಗಬೇಡಿ. ಮುಂದಿನ ಬೆಳೆಯಲ್ಲಿ ಹುಳು ಸೊಪ್ಪು ಬಿಟ್ಟು ತಲೆ ಎತ್ತತೊಡಗಿದ ಸಂಜೆ, ಕೆಲಸಕ್ಕೆ ಕರೆಯದೆ ಸಲಹೆ ಕೇಳಿ: "ನನ್ನ ಕಣ್ಣು ಮಂಜು ಕಣಮ್ಮ, ಇದು ಹಣ್ಣಾಗಿದೆಯೋ ಇಲ್ಲವೋ ನೋಡಿ ಹೇಳು." ಬಂದರೆ ಒಂದು ಚಂದ್ರಿಕೆ ಪೂರ್ತಿ ಅವಳದೇ ಇರಲಿ. ಬೇಸರವಾದರೆ ಎದ್ದು ಹೋಗಲಿ, ತಡೆಯಬೇಡಿ. ಗೂಡು ಮಾರುಕಟ್ಟೆಗೆ ಹೋಗುವ ದಿನ ರಜೆ ಇದ್ದರೆ, ಅವಳನ್ನೂ ಜೊತೆಗೆ ಕರೆದುಕೊಂಡು ಹೋಗಿ.