ಟೆಲಿಸ್ಕೋಪ್ ಇಲ್ಲದೆ ಕೆಪ್ಲರ್‌ನ ಹಳೆ ಡೇಟಾದಲ್ಲಿ ಗ್ರಹ ಹುಡುಕಬಹುದಾ?

ಹುಡುಕಬಹುದು. ದುಡ್ಡೂ ಬೇಡ, ಯಾರ ಅನುಮತಿಯೂ ಬೇಡ.

ನನ್ನ ಮನೆ ಮಡಿಕೇರಿ ಹತ್ತಿರ. ಜೋರು ಮಳೆಯಲ್ಲಿ ಇಲ್ಲಿ ನಕ್ಷತ್ರ ಹಾಗಿರಲಿ, ಎದುರಿನ ಬೆಟ್ಟವೇ ಕಾಣುವುದಿಲ್ಲ. ಟೆಲಿಸ್ಕೋಪ್ ಕೊಂಡಿದ್ದರೆ ಬೂಸ್ಟು ಹಿಡಿಯುತ್ತಿತ್ತು ಅಷ್ಟೇ. ಹಾಗಾಗಿ ಎರಡು ಮಳೆಗಾಲ ಈ ಡೇಟಾ ಜೊತೆಯಲ್ಲೇ ಕಳೆದಿದ್ದೇನೆ.

ಕೆಪ್ಲರ್ ಅಂದರೆ ನಾಸಾದ ಬಾಹ್ಯಾಕಾಶ ಟೆಲಿಸ್ಕೋಪ್, 2009ರ ಮಾರ್ಚ್‌ನಲ್ಲಿ ಹಾರಿತು. ಆಕಾಶದ ಒಂದೇ ತುಂಡನ್ನು ನಾಲ್ಕು ವರ್ಷ ದಿಟ್ಟಿಸಿ, ಒಂದೂವರೆ ಲಕ್ಷಕ್ಕೂ ಜಾಸ್ತಿ ನಕ್ಷತ್ರಗಳ ಬೆಳಕನ್ನು ಸುಮಾರು ಅರ್ಧ ಗಂಟೆಗೊಮ್ಮೆ ಬರೆದಿಟ್ಟಿತು. ಗ್ರಹ ತನ್ನ ನಕ್ಷತ್ರದ ಮುಂದೆ ಹಾದಾಗ ಬೆಳಕು ಸ್ವಲ್ಪ ಇಳಿಯುತ್ತದೆ, ನಾವು ಹುಡುಕುವುದು ಅದನ್ನೇ. 2018ರಲ್ಲಿ ಇಂಧನ ಮುಗಿದು ನಿಂತಿತು. ಬರೆದಿಟ್ಟದ್ದೆಲ್ಲ ‘ಮಾಸ್ಟ್’ ಅನ್ನುವ ಆರ್ಕೈವ್‌ನಲ್ಲಿ ಹಾಗೇ ಇದೆ.

ಸ್ವಲ್ಪ ಪೈಥಾನ್ ಪ್ರೋಗ್ರಾಮಿಂಗ್ ಗೊತ್ತಿದ್ದರೆ ಸಾಕು. ಬ್ರೌಸರ್‌ನಲ್ಲೇ ಕೋಡ್ ಓಡಿಸುವ ಗೂಗಲ್ ಕೋಲ್ಯಾಬ್ ತೆಗೆದು ‘ಲೈಟ್‌ಕರ್ವ್’ (lightkurve) ಪ್ಯಾಕೇಜ್ ಹಾಕಿಕೊಳ್ಳಿ. ಫೈಲ್‌ಗಳು ಇಳಿಯುವುದು ಗೂಗಲ್‌ನ ಕಂಪ್ಯೂಟರಿಗೆ, ನಿಮ್ಮದಕ್ಕಲ್ಲ, ಆದ್ದರಿಂದ ನಮ್ಮ ಕಡೆಯ ನೆಟ್‌ನಲ್ಲೂ ನಡೆಯುತ್ತದೆ.

ಮೊದಲ ದಿನವೇ ಹೊಸ ಗ್ರಹ ಹುಡುಕಲು ಹೋಗಬೇಡಿ. ಗ್ರಹ ಇದೆ ಅಂತ ಗೊತ್ತಿರುವ ಹ್ಯಾಟ್-ಪಿ-7 (HAT-P-7) ನಕ್ಷತ್ರ ತೆಗೆದುಕೊಳ್ಳಿ. ಕೆಪ್ಲರ್ ಹಾರುವ ಮೊದಲೇ, 2008ರಲ್ಲಿ, ನೆಲದ ಮೇಲಿನ ಟೆಲಿಸ್ಕೋಪ್‌ಗಳಿಗೆ ಸಿಕ್ಕಿದ್ದ ಗ್ರಹ ಅದು. ಗುರುವಿಗಿಂತ ದೊಡ್ಡದು, 2.2 ದಿನಕ್ಕೆ ಒಂದು ಸುತ್ತು. ಗ್ರಾಫ್ ಹಾಕಿದ ಕೂಡಲೇ ಚುಕ್ಕಿಗಳ ಸಾಲಿನ ಕೆಳಗೆ ಬಾಚಣಿಗೆ ಹಲ್ಲಿನ ಹಾಗೆ ಗುಂಡಿಗಳು ಕಾಣುತ್ತವೆ. ಬೆಳಕು ಇಳಿಯುವುದು ಶೇಕಡಾ 1ಕ್ಕಿಂತ ಕಡಿಮೆ, ಆದರೂ ಕಣ್ಣಿಗೆ ಹೊಡೆಯುತ್ತದೆ. ಆಮೇಲೆ ಗ್ರಾಫನ್ನು 2.2047 ದಿನದ ತುಂಡುಗಳಾಗಿ ಮಡಚಿ (ಫೋಲ್ಡ್). ಎಲ್ಲ ಗುಂಡಿಗಳೂ ಒಂದರ ಮೇಲೊಂದು ಕೂತು ಬೋಗುಣಿಯಂಥ ಒಂದೇ ಗುಂಡಿ ಆಗುತ್ತದೆ. ಚುಕ್ಕಿಗಳ ಸರಾಸರಿ ತೆಗೆದರೆ, ಅರ್ಧ ಸುತ್ತಿನ ಹತ್ತಿರ ಇನ್ನೊಂದು ತೀರಾ ಸಣ್ಣ ತಗ್ಗು ಕಾಣುತ್ತದೆ. ಅದು ಗ್ರಹ ನಕ್ಷತ್ರದ ಹಿಂದೆ ಮರೆಯಾಗುವ ಹೊತ್ತು! ನನಗೆ ಮೊದಲ ಸಲ ಅದು ಕಂಡಾಗ ಒಲೆ ಮೇಲಿಟ್ಟ ಹಾಲು ಉಕ್ಕಿದ್ದೂ ಗೊತ್ತಾಗಲಿಲ್ಲ.

ಒಂದು ಎಚ್ಚರಿಕೆ. ಸೋಲಾರ್ ಪ್ಯಾನೆಲ್ ಸೂರ್ಯನ ಕಡೆಗಿರಲಿ ಅಂತ ಕೆಪ್ಲರ್ ಸುಮಾರು ಮೂರು ತಿಂಗಳಿಗೊಮ್ಮೆ 90 ಡಿಗ್ರಿ ತಿರುಗುತ್ತಿತ್ತು. ಆಗ ನಕ್ಷತ್ರದ ಬೆಳಕು ಬೇರೆ ಚಿಪ್ ಮೇಲೆ ಬಿದ್ದು, ಗ್ರಾಫ್ ಮೆಟ್ಟಿಲಿನ ಹಾಗೆ ಹಾರುತ್ತದೆ. ಪ್ರತಿ ತುಂಡನ್ನೂ ನಾರ್ಮಲೈಸ್ ಮಾಡಿ, ಅಂದರೆ ಒಂದೇ ಮಟ್ಟಕ್ಕೆ ತಂದು, ಆಮೇಲೇ ಜೋಡಿಸಿ.

ಇನ್ನು ಹೊಸದರ ವಿಷಯ. ಮೊದಲ ವರ್ಷ ನನಗೂ ಒಂದು ‘ಸಿಕ್ಕಿತ್ತು’. ರಾತ್ರಿ ಕರೆಂಟ್ ಹೋಗಿ, ಬ್ಯಾಟರಿ ಮುಗಿಯುತ್ತಾ ಬಂದಿತ್ತು. ಮೂರು ದಿನಕ್ಕೊಂದು ಗುಂಡಿ, ತಪ್ಪದೆ. ಹೆಂಡತಿಯನ್ನು ಎಬ್ಬಿಸಿದೆ. ‘ಬೆಳಿಗ್ಗೆವರೆಗೂ ಇರುತ್ತಲ್ವಾ ಅದು’ ಅಂತ ಮಗ್ಗುಲು ಬದಲಿಸಿದಳು. ಬೆಳಿಗ್ಗೆ ನೋಡಿದರೆ ಒಂದು ಗುಂಡಿ ಆಳ, ಮುಂದಿನದು ಸ್ವಲ್ಪ ಮೇಲೆ, ಮತ್ತೆ ಆಳ. ಗ್ರಹ ಅಲ್ಲ, ಒಂದನ್ನೊಂದು ಮರೆಮಾಡುವ ಜೋಡಿ ನಕ್ಷತ್ರ, ನಿಜವಾದ ಸುತ್ತು ಆರು ದಿನ. ಅಂಥ ಜೋಡಿಗಳ ಪಟ್ಟಿಯಲ್ಲಿ ಅದು ಮೊದಲೇ ಇತ್ತು ಬೇರೆ.

ಇದರಲ್ಲಿ ಕಾಳಿಗಿಂತ ಜೊಳ್ಳೇ ಜಾಸ್ತಿ. ಗುಂಡಿಗಳ ಆಳ ಒಂದೇ ಇದೆಯಾ, ಆಕಾರ ತೀರಾ ಚೂಪಾಗಿದೆಯಾ, ಪಕ್ಕದ ನಕ್ಷತ್ರದ ಬೆಳಕು ಒಳಗೆ ಸೇರಿದೆಯಾ ಅಂತ ಕೇರಿ ನೋಡಬೇಕು. ಭೂಮಿಯಂಥ ಗ್ರಹ ಸೂರ್ಯನಂಥ ನಕ್ಷತ್ರದ ಮುಂದೆ ಹಾದರೆ ಕಡಿಮೆಯಾಗುವ ಬೆಳಕು ಹತ್ತು ಲಕ್ಷದಲ್ಲಿ 84 ಭಾಗ ಮಾತ್ರ, ಅದು ಸುಮ್ನೆ ಕಣ್ಣಿಗೆ ಬೀಳುವುದಿಲ್ಲ.

ಏನೂ ಉಳಿದಿಲ್ಲ ಅಂತಲ್ಲ. ಕೆಪ್ಲರ್-90 ಅನ್ನುವ ನಕ್ಷತ್ರದ ಎಂಟನೇ ಗ್ರಹ ಗೊತ್ತಾಗಿದ್ದು 2017ರಲ್ಲಿ, ಈ ಹಳೆ ಡೇಟಾವನ್ನು ಕಂಪ್ಯೂಟರಿಗೆ ಕಲಿಸಿ ಮತ್ತೆ ಜಾಲಾಡಿದಾಗ. ಆದರೂ ಹೊಸದೇ ಬೇಕು ಅಂದರೆ 2018ರಲ್ಲಿ ಹಾರಿದ, ಇದೇ ಥರ ಗ್ರಹ ಹುಡುಕುವ ಟೆಸ್ (TESS) ಟೆಲಿಸ್ಕೋಪ್‌ನ ಡೇಟಾ ನೋಡಿ ಅಂತ ನಾನು ಹೇಳುತ್ತೇನೆ. ಅದೂ ಮಾಸ್ಟ್‌ನಲ್ಲೇ ಸಿಗುತ್ತದೆ, ಇದೇ ಪ್ಯಾಕೇಜ್ ಸಾಕು.

ಹ್ಯಾಟ್-ಪಿ-7 ಹೆಸರಲ್ಲಿ ಸಿಗದಿದ್ದರೆ ಕೆಪ್ಲರ್ ಪಟ್ಟಿಯಲ್ಲಿನ ಅದರ ನಂಬರ್, ಕೆಐಸಿ (KIC) 10666592 ಅಂತ ಹಾಕಿ. ಎರರ್ ಬಂದರೆ ಕಾಮೆಂಟ್‌ನಲ್ಲಿ ತಿಳಿಸಿ, ಕರೆಂಟ್ ಇದ್ದರೆ ಇವತ್ತೇ ನೋಡುತ್ತೇನೆ.